ತೂಬು ಕಟ್ಟಿದ ಕೆರೆ: ಮಕ್ಕಳ ಹೊಟ್ಟೆಯೊಳಗಿನ ರಕ್ತಸ್ರಾವ

ಇಂದು ನಾನು ಆಯ್ದುಕೊಂಡಿರುವ ವಿಷಯ ಊಟದ ಹೊತ್ತಿನಲ್ಲಿ ಯಾರೂ ಎತ್ತದಂಥದ್ದು. ವಾಂತಿ, ಮಲ, ಅವುಗಳಲ್ಲಿ ಕಾಣಿಸಿಕೊಳ್ಳುವ ರಕ್ತ. ದಯವಿಟ್ಟು ಮುಖ ಸಿಂಡರಿಸಬೇಡಿ. ಇಂಥ ವಿಷಯವನ್ನು ಮನೆಯಲ್ಲಿ ಯಾರೂ ಎತ್ತದಿರುವುದರಿಂದಲೇ ಕೆಲವು ಮಕ್ಕಳು ಆಸ್ಪತ್ರೆ ಸೇರುವುದು ತಡವಾಗುತ್ತದೆ. ನಾನು ವೈದ್ಯನಲ್ಲ. ಬಿ.ಎಸ್ಸಿ. ಓದಿ ದೂರದರ್ಶನಕ್ಕೆ ಬಂದು ಕಾರ್ಯಕ್ರಮ ನಿರ್ಮಾಪಕನಾದವನು. ಕೆಲಸದ ನಡುವೆ ಕಂಡದ್ದನ್ನು, ಕೇಳಿ ತಿಳಿದದ್ದನ್ನು, ಆಮೇಲೆ ಓದಿ ಖಚಿತಪಡಿಸಿಕೊಂಡದ್ದನ್ನು ನಿಮ್ಮ ಮುಂದಿಡುತ್ತೇನೆ.

ನಾನು ಪದವಿ ತರಗತಿಯಲ್ಲಿದ್ದಾಗ ಪ್ರಾಣಿಶಾಸ್ತ್ರದ ಪ್ರಯೋಗಶಾಲೆಯಲ್ಲಿ ಕಪ್ಪೆಯನ್ನು ಸೀಳಿ ನೋಡುವ ರೂಢಿ ಇನ್ನೂ ಇತ್ತು. ಮೇಣದ ತಟ್ಟೆಯ ಮೇಲೆ ಕಪ್ಪೆಯನ್ನು ಗುಂಡುಸೂಜಿಗಳಿಂದ ಚುಚ್ಚಿ ನಿಲ್ಲಿಸಿ, ಅದರ ಕರುಳಿನಿಂದ ಯಕೃತ್ತಿಗೆ ಹೋಗುವ ಒಂದು ಅಭಿಧಮನಿಯನ್ನು ಮೇಷ್ಟ್ರು ಇಕ್ಕುಳದ ತುದಿಯಿಂದ ತೋರಿಸಿದ್ದರು. ನಾನು ರೆಕಾರ್ಡ್ ಪುಸ್ತಕದಲ್ಲಿ ನೀಲಿ ಪೆನ್ಸಿಲಿನಿಂದ ಅದರ ಚಿತ್ರ ಬರೆದೆ. ಪಕ್ಕದಲ್ಲಿ ವ್ಯಾಖ್ಯೆ: ಲೋಮನಾಳಗಳಲ್ಲಿ ಹುಟ್ಟಿ, ನೇರವಾಗಿ ಹೃದಯಕ್ಕೆ ಹೋಗದೆ, ಇನ್ನೊಂದು ಅಂಗದ ಲೋಮನಾಳಗಳಲ್ಲಿ ಕೊನೆಗೊಳ್ಳುವ ಅಭಿಧಮನಿಗೆ ಪೋರ್ಟಲ್ ಅಭಿಧಮನಿ ಎಂದು ಹೆಸರು. ಪರೀಕ್ಷೆಯಲ್ಲಿ ಅಂಕ ಸಿಕ್ಕಿತು. ವ್ಯಾಖ್ಯೆ ಮರೆತುಹೋಯಿತು. ಅದು ಮತ್ತೆ ನೆನಪಾದದ್ದು ಅನೇಕ ವರ್ಷಗಳ ಮೇಲೆ, ಒಂದು ಮಕ್ಕಳ ವಾರ್ಡಿನಲ್ಲಿ.

ಮಕ್ಕಳ ಆರೋಗ್ಯದ ಬಗ್ಗೆ ಕಾರ್ಯಕ್ರಮ ಮಾಡಲು ನಾವು ಬೆಂಗಳೂರಿನ ಒಂದು ಆಸ್ಪತ್ರೆಗೆ ಹೋಗಿದ್ದೆವು. ತುಮಕೂರು ಸೀಮೆಯ ಹಳ್ಳಿಯಿಂದ ಬಂದ ಆರು ವರ್ಷದ ಹುಡುಗನೊಬ್ಬ ಅಲ್ಲಿ ಮಲಗಿದ್ದ. ಕೈಗೆ ಡ್ರಿಪ್ ಹಾಕಿದ್ದರು. ಪಕ್ಕದಲ್ಲಿ ಅಪ್ಪ, ಅಮ್ಮ, ಎಂಟನೆಯ ತರಗತಿ ಓದುತ್ತಿದ್ದ ಅಕ್ಕ. ಮಗು ಎರಡು ದಿನದ ಹಿಂದೆ ಬೋಗುಣಿ ತುಂಬ ರಕ್ತ ಕಾರಿಕೊಂಡಿತ್ತು. ಅವರ ಚಿತ್ರೀಕರಣ ಬೇಡವೆಂದು ಕ್ಯಾಮೆರಾ ಆಫ್ ಮಾಡಿಸಿ, ಸುಮ್ಮನೆ ಅವರ ಮಾತು ಕೇಳುತ್ತ ಕುಳಿತೆ.

ನಿಜವಾಗಿ ತೊಂದರೆ ರಕ್ತ ವಾಂತಿಗೂ ಒಂದು ದಿನ ಮೊದಲೇ ಶುರುವಾಗಿತ್ತು. ಹುಡುಗನಿಗೆ ಜ್ವರ ಬಂದಿತ್ತು. ಯಾರೋ ಕೊಟ್ಟ ನೋವಿನ ಮಾತ್ರೆ ನುಂಗಿಸಿದ್ದರು. ಮಾರನೆಯ ದಿನ ಬೆಳಿಗ್ಗೆ ಅವನು ಕಕ್ಕಸಿಗೆ ಹೋಗಿ ಬಂದ ಮೇಲೆ ಅಕ್ಕ ನೋಡಿದ್ದಾಳೆ. "ಅಮ್ಮ, ತಮ್ಮಂದು ಕಕ್ಕ ಡಾಂಬರಿದ್ದಂಗೆ ಕರ್ರಗೈತೆ" ಎಂದಳಂತೆ. ಅಜ್ಜಿ ದೃಷ್ಟಿ ತೆಗೆಯಲು ಹೇಳಿದರು. ಅಮ್ಮ, ಅಂಗನವಾಡಿಯವರು ಕೊಟ್ಟ ಕಬ್ಬಿಣದ ಟಾನಿಕ್ಕಿನದೇ ಬಣ್ಣವಿರಬೇಕು ಎಂದುಕೊಂಡರು. ಹುಡುಗಿ ಬಿಡಲಿಲ್ಲ. ಟಾನಿಕ್ ಮುಗಿದು ತಿಂಗಳಾಯಿತು ಎಂದು ನೆನಪಿಸಿದಳು. ಮಧ್ಯಾಹ್ನ ತಾಲ್ಲೂಕು ಆಸ್ಪತ್ರೆಗೆ ಹೊರಟರು. ದಾರಿಯಲ್ಲೇ ರಕ್ತ ವಾಂತಿಯಾಯಿತು. ಮನೆಯಲ್ಲೇ ಉಳಿದಿದ್ದರೆ ಏನಾಗುತ್ತಿತ್ತೆಂದು ನೀವೇ ಯೋಚಿಸಿ.

ವೈದ್ಯರು ಒಂದು ಹಾಳೆಯ ಮೇಲೆ ಚಿತ್ರ ಬರೆದು ಅಪ್ಪನಿಗೆ ವಿವರಿಸುತ್ತಿದ್ದರು. ಕರುಳಿನಿಂದ ಯಕೃತ್ತಿಗೆ ರಕ್ತ ಒಯ್ಯುವ ದೊಡ್ಡ ನಾಳವೊಂದು ಮುಚ್ಚಿಹೋಗಿದೆ, ರಕ್ತ ಹಿಂದಕ್ಕೆ ನಿಂತು ಬೇರೆ ದಾರಿ ಹುಡುಕುತ್ತಿದೆ ಎಂದರು. ಆ ಅಪ್ಪನ ಮನೆತನದವರು ಊರ ಕೆರೆಯ ನೀರುಗಂಟಿಗಳು. ಅವರು ಚಿತ್ರವನ್ನೇ ನೋಡಿ, "ಹಂಗಂದ್ರೆ ತೂಬು ಕಟ್ಕೊಂಡೈತೆ ಅನ್ನಿ ಸಾರ್. ನೀರು ಏರಿ ಮ್ಯಾಲಿಂದ ಜಿನುಗ್ತಾ ಐತೆ" ಎಂದರು. ವೈದ್ಯರು ನಕ್ಕು, "ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ ಯಜಮಾನ್ರೇ" ಎಂದರು. ನನಗೆ ಆ ಕ್ಷಣ ಮೇಣದ ತಟ್ಟೆಯ ಕಪ್ಪೆ ನೆನಪಾಯಿತು.

ಈಗ ಆ ನಾಳವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ದೇಹದ ಬಹುಪಾಲು ಅಭಿಧಮನಿಗಳು ರಕ್ತವನ್ನು ನೇರವಾಗಿ ಹೃದಯದ ಕಡೆಗೆ ಕೊಂಡೊಯ್ಯುತ್ತವೆ. ಆದರೆ ಜಠರ, ಕರುಳು, ಗುಲ್ಮ, ಮೇದೋಜೀರಕ ಗ್ರಂಥಿ, ಇವುಗಳಿಂದ ಬರುವ ರಕ್ತಕ್ಕೆ ಆ ಸ್ವಾತಂತ್ರ್ಯವಿಲ್ಲ. ಅದು ಮೊದಲು ಯಕೃತ್ತಿಗೆ ಹೋಗಿ ತಪಾಸಣೆ ಮುಗಿಸಿಕೊಂಡೇ ಹೃದಯ ಸೇರಬೇಕು. ನಾವು ಉಂಡ ಅನ್ನ, ಮುದ್ದೆ, ಸಾರು ಜೀರ್ಣವಾಗಿ ರಕ್ತ ಸೇರಿದಾಗ ಅದರಲ್ಲಿ ಪೋಷಕಾಂಶವೂ ಇರುತ್ತದೆ, ಅಮೋನಿಯದಂಥ ವಿಷವಸ್ತುವೂ ಇರುತ್ತದೆ. ಯಕೃತ್ತು ಮೊದಲನೆಯದನ್ನು ಕೂಡಿಡುತ್ತದೆ, ಎರಡನೆಯದನ್ನು ನಿರಪಾಯ ಮಾಡುತ್ತದೆ. ಯಕೃತ್ತಿಗೆ ಬರುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಈ ಪೋರ್ಟಲ್ ಅಭಿಧಮನಿಯದು, ಉಳಿದ ಕಾಲು ಪಾಲು ಅಪಧಮನಿಯದು. ಲ್ಯಾಟಿನ್ ಭಾಷೆಯಲ್ಲಿ ಪೋರ್ಟಾ ಎಂದರೆ ಬಾಗಿಲು. ಹೆಸರು ಸರಿಯಾಗಿಯೇ ಇದೆ.

ಈ ನಾಳದಲ್ಲಿ ರಕ್ತ ಬಹಳ ಸಾವಧಾನವಾಗಿ ಹರಿಯುತ್ತದೆ. ತೋಳಿಗೆ ಪಟ್ಟಿ ಸುತ್ತಿ ಅಳೆಯುವ ರಕ್ತದೊತ್ತಡ 120 ಮಿಲಿಮೀಟರ್ ಪಾದರಸದಷ್ಟು ಎಂದು ನೀವು ಕೇಳಿದ್ದೀರಿ. ಪೋರ್ಟಲ್ ಅಭಿಧಮನಿಯಲ್ಲಿ ಅದು 5ರಿಂದ 10 ಮಿಲಿಮೀಟರ್ ಮಾತ್ರ. ತೂಬು ಮುಚ್ಚಿತೆನ್ನಿ. ಒತ್ತಡ ಏರುತ್ತದೆ. ರಕ್ತ ನಿಲ್ಲಲಾರದು, ಸಣ್ಣಪುಟ್ಟ ಅಡ್ಡದಾರಿಗಳಲ್ಲಿ ನುಗ್ಗುತ್ತದೆ. ಅಂಥ ಅಡ್ಡದಾರಿಗಳಲ್ಲಿ ಮುಖ್ಯವಾದದ್ದು ಜಠರ ಮತ್ತು ಅನ್ನನಾಳ ಕೂಡುವ ಜಾಗ. ಅಲ್ಲಿನ ದಾರದಂಥ ಅಭಿಧಮನಿಗಳು ಉಬ್ಬಿ ಹುಳುಗಳಂತೆ ಹೊರಳಿಕೊಳ್ಳುತ್ತವೆ. ಅವುಗಳ ಮೇಲಿರುವುದು ತೆಳುವಾದ ಒಳಪದರ ಮಾತ್ರ. ಒಂದು ದಿನ ಅದು ಒಡೆಯುತ್ತದೆ. ಗಮನಿಸಿ: ದೇಹ ತನ್ನನ್ನು ಕಾಪಾಡಿಕೊಳ್ಳಲು ಕಂಡುಕೊಂಡ ದಾರಿಯೇ ಅಪಾಯದ ದಾರಿಯೂ ಆಗುತ್ತದೆ. ಈ ಕಾಯಿಲೆಯ ತಿರುಳು ಇದೇ.

ತೂಬು ಮುಚ್ಚುವುದಾದರೂ ಏಕೆ? ದೊಡ್ಡವರಲ್ಲಿ ಸಾಮಾನ್ಯವಾಗಿ ಯಕೃತ್ತೇ ಗಟ್ಟಿಯಾಗಿ ರಕ್ತ ಒಳಗೆ ಹೋಗದಂತಾಗುತ್ತದೆ. ಇದಕ್ಕೆ ಸಿರೋಸಿಸ್ ಎನ್ನುತ್ತಾರೆ. ಈ ಹುಡುಗನಂಥ ಮಕ್ಕಳಲ್ಲಿ ಹಾಗಲ್ಲ. ಯಕೃತ್ತು ಹೆಚ್ಚುಕಡಮೆ ಆರೋಗ್ಯವಾಗಿಯೇ ಇರುತ್ತದೆ. ಅದರ ಬಾಗಿಲಿಗೆ ಬರುವ ಮುನ್ನವೇ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿರುತ್ತದೆ. ಮುಚ್ಚಿದ ನಾಳದ ಸುತ್ತ ಕೆಲವೇ ವಾರಗಳಲ್ಲಿ ಎಳೆ ಎಳೆಯಾದ ಹೊಸ ನಾಳಗಳು ಜಡೆಯಂತೆ ಹೆಣೆದುಕೊಂಡು ಸ್ವಲ್ಪ ರಕ್ತವನ್ನು ಒಳಗೆ ಸಾಗಿಸುತ್ತವೆ, ಆದರೆ ಅದು ಸಾಲದು. ಎಲ್ಲ ಮಕ್ಕಳ ಲೆಕ್ಕದಲ್ಲಿ ಇದು ಅಪರೂಪದ ಕಾಯಿಲೆ. ಆದರೆ ನಮ್ಮ ದೇಶದಲ್ಲಿ ಬೋಗುಣಿ ತುಂಬ ರಕ್ತ ಕಾರುವ ಮಕ್ಕಳನ್ನಷ್ಟೇ ತೆಗೆದುಕೊಂಡರೆ, ಮುಖ್ಯ ಕಾರಣ ಇದೇ.

ಹೆಪ್ಪುಗಟ್ಟುವುದಕ್ಕೂ ಹೊಕ್ಕುಳಿಗೂ ಕೆಲವೊಮ್ಮೆ ನಂಟಿದೆ. ಗರ್ಭದಲ್ಲಿರುವ ಮಗುವಿಗೆ ಆಹಾರವೂ ಆಮ್ಲಜನಕವೂ ಬರುವುದು ಹೊಕ್ಕುಳ ಬಳ್ಳಿಯ ಮೂಲಕ. ಆ ಬಳ್ಳಿಯೊಳಗಿನ ಅಭಿಧಮನಿ ಯಕೃತ್ತಿಗೆ ಹೋಗಿ ಪೋರ್ಟಲ್ ಅಭಿಧಮನಿಯ ಎಡಗವಲನ್ನು ಸೇರುತ್ತದೆ. ಹುಟ್ಟಿದ ಮೇಲೆ ಅದರ ಕೆಲಸ ಮುಗಿದು ಕ್ರಮೇಣ ಹಗ್ಗದಂಥ ಎಳೆಯಾಗಿ ಉಳಿಯುತ್ತದೆ. ಆ ಮೊದಲ ದಿನಗಳಲ್ಲಿ ಹೊಕ್ಕುಳಿಗೆ ಸೋಂಕು ತಗುಲಿದರೆ ಅದು ಅದೇ ದಾರಿಯಲ್ಲಿ ಒಳಗೆ ಹೋಗಿ ಪೋರ್ಟಲ್ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿಸಬಹುದು. ಹಸುಗೂಸಿನ ಹೊಕ್ಕುಳಿಗೆ ಸಗಣಿ, ಬೂದಿ, ಎಣ್ಣೆ ಹಚ್ಚಬಾರದು, ಚೊಕ್ಕಟವಾಗಿ ಒಣಗಲು ಬಿಡಬೇಕು ಎಂದು ಆರೋಗ್ಯ ಕಾರ್ಯಕರ್ತೆಯರು ಹೇಳುವುದರಲ್ಲಿ ಇಷ್ಟು ಅರ್ಥವಿದೆ. ಆದರೂ ಒಂದು ಮಾತು ಮರೆಯಬೇಡಿ. ಹೆಚ್ಚಿನ ಮಕ್ಕಳಲ್ಲಿ ಎಷ್ಟು ಹುಡುಕಿದರೂ ಕಾರಣ ಸಿಗುವುದಿಲ್ಲ. ಆದ್ದರಿಂದ ತಾಯಿಯ ಮೇಲೆ ತಪ್ಪು ಹೊರಿಸುವುದು ಅನ್ಯಾಯ.

ಇಂಥ ಮಗು ನೋಡಲು ಚೆನ್ನಾಗಿಯೇ ಇರುತ್ತದೆ. ಆಡುತ್ತದೆ, ಶಾಲೆಗೆ ಹೋಗುತ್ತದೆ. ಹೊಟ್ಟೆ ನೋವೂ ಇರುವುದಿಲ್ಲ. ಹೊಟ್ಟೆಯ ಎಡಭಾಗದಲ್ಲಿ, ಪಕ್ಕೆಲುಬಿನ ಕೆಳಗೆ ಗಡ್ಡೆಯಂತೆ ಕೈಗೆ ಸಿಗುವುದೊಂದೇ ಸುಳಿವು. ಅದು ಗುಲ್ಮ. ರಕ್ತ ಹಿಂದಕ್ಕೆ ನಿಂತದ್ದರಿಂದ ಅದು ದೊಡ್ಡದಾಗಿರುತ್ತದೆ. ಹಾಗೆ ದೊಡ್ಡದಾದ ಗುಲ್ಮ ರಕ್ತದ ಕಿರುಬಿಲ್ಲೆಗಳನ್ನು, ಅಂದರೆ ಪ್ಲೇಟ್‌ಲೆಟ್‌ಗಳನ್ನು, ತನ್ನಲ್ಲೇ ಹಿಡಿದಿಟ್ಟುಕೊಂಡು ನಾಶಮಾಡುತ್ತದೆ. ಕೆಲವು ಮಕ್ಕಳ ಬೆಳವಣಿಗೆ ಓರಗೆಯವರಿಗಿಂತ ಹಿಂದೆ ಬೀಳುತ್ತದೆ. ಇದ್ದಕ್ಕಿದ್ದಂತೆ ಒಂದು ದಿನ ರಕ್ತ ವಾಂತಿ. ಜಠರದಲ್ಲಿ ಸ್ವಲ್ಪ ಹೊತ್ತು ನಿಂತ ರಕ್ತ ಕಾಫಿ ಚರಟದಂತೆ ಕಾಣಬಹುದು. ಕರುಳಿಗೆ ಇಳಿದ ರಕ್ತ ಜೀರ್ಣಗೊಂಡು ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ, ಕೆಟ್ಟ ವಾಸನೆಯಿಂದ ಹೊರಬರುತ್ತದೆ. ಅಕ್ಕ ಕಂಡದ್ದು ಅದನ್ನೇ.

ಒಂದು ಸಣ್ಣ ಲೆಕ್ಕ ಮಾಡೋಣ. ಮಗುವಿನ ದೇಹದಲ್ಲಿ ಪ್ರತಿ ಕಿಲೋಗ್ರಾಂ ತೂಕಕ್ಕೆ ಸುಮಾರು 75 ಮಿಲಿಲೀಟರ್ ರಕ್ತವಿರುತ್ತದೆ. 20 ಕಿಲೋ ತೂಕದ ಮಗುವಿಗೆ ಒಟ್ಟು ಒಂದೂವರೆ ಲೀಟರ್. ಒಂದು ದೊಡ್ಡ ಲೋಟದಷ್ಟು, ಎಂದರೆ 300 ಮಿಲಿಲೀಟರ್ ಹೋದರೆ ಐದನೆಯ ಒಂದು ಪಾಲು ಹೋದಂತೆ. ಅಷ್ಟೇ ರಕ್ತವನ್ನು ದೊಡ್ಡವರು ರಕ್ತದಾನ ಮಾಡಿ, ಬಿಸ್ಕತ್ತು ತಿಂದು, ಎದ್ದು ಹೋಗುತ್ತಾರೆ. ಮಗುವಿಗೆ ಅದು ಪ್ರಾಣದ ಪ್ರಶ್ನೆ.

ಇನ್ನೊಂದು ಬಗೆಯ ದೋಷವಿದೆ. ಅಲ್ಲಿ ನಾಳ ಮುಚ್ಚಿರುವುದಿಲ್ಲ, ಹುಟ್ಟುವಾಗಲೇ ತಪ್ಪು ಕಡೆಗೆ ತಿರುಗಿರುತ್ತದೆ. 1793ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಜಾನ್ ಅಬರ್ನೆತಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಒಂದು ವರದಿ ಬರೆದ. ತೀರಿಕೊಂಡ ಹತ್ತು ತಿಂಗಳ ಹೆಣ್ಣು ಮಗುವಿನ ದೇಹವನ್ನು ಪರೀಕ್ಷಿಸಿದಾಗ ಪೋರ್ಟಲ್ ಅಭಿಧಮನಿ ಯಕೃತ್ತಿಗೆ ಹೋಗಿರಲೇ ಇಲ್ಲ. ಹೃದಯದ ಕಡೆಗೆ ಹೋಗುವ ಮಹಾ ಅಭಿಧಮನಿಗೆ ನೇರವಾಗಿ ಸೇರಿತ್ತು. ಹುಟ್ಟಿನಿಂದ ಬರುವ ಇಂಥ ತಪ್ಪು ಜೋಡಣೆಗೆ ಇಂದಿಗೂ ಅಬರ್ನೆತಿಯ ಹೆಸರಿದೆ. ಕರುಳಿನ ರಕ್ತ ತಪಾಸಣೆಯಿಲ್ಲದೆ ಮೈಯೆಲ್ಲ ಸುತ್ತುವುದರಿಂದ ಇಂಥ ಮಕ್ಕಳ ರಕ್ತದಲ್ಲಿ ಅಮೋನಿಯ ಏರಿ, ಮಂಪರು, ಕಲಿಕೆಯ ತೊಂದರೆ ಕಾಣಿಸಬಹುದು. ಇನ್ನೂ ಅಪರೂಪವಾಗಿ, ದೊಡ್ಡ ಕರುಳಿನ ಅಭಿಧಮನಿ ಸೊಂಟದ ಭಾಗದ ಅಭಿಧಮನಿಯೊಂದಿಗೆ ಕೂಡಿಕೊಂಡಿರುತ್ತದೆ. ಆಗ ಗುದದ್ವಾರದ ಮೇಲಿನ ನಾಳಗಳು ಉಬ್ಬಿ, ಮಲದ ಜೊತೆ ಕೆಂಪು ರಕ್ತವೇ ಹೋಗುತ್ತದೆ.

ಮೂರನೆಯದೂ ಒಂದಿದೆ. 1958ರಲ್ಲಿ ಅಮೆರಿಕದ ವೈದ್ಯ ವಿಲಿಯಂ ಬೀನ್ ಹೆಸರಿಟ್ಟ ಕಾಯಿಲೆ ಅದು. ಅದರಲ್ಲಿ ಚರ್ಮದ ಮೇಲೂ ಕರುಳಿನ ಒಳಗೂ ರಬ್ಬರಿನಂತೆ ಮೆತ್ತಗಿನ ನೀಲಿ ಗುಳ್ಳೆಗಳು ಇರುತ್ತವೆ. ಅವು ಅಭಿಧಮನಿಯ ಗಂಟುಗಳು. ಇಲ್ಲಿ ಬೋಗುಣಿ ತುಂಬ ರಕ್ತ ಹೋಗದಿರಬಹುದು, ಹನಿ ಹನಿಯಾಗಿ ಸೋರುತ್ತದೆ. ಮಗು ಬಿಳುಚಿಕೊಳ್ಳುತ್ತದೆ. ಎಷ್ಟು ಟಾನಿಕ್ ಕುಡಿಸಿದರೂ ರಕ್ತಹೀನತೆ ಮರುಕಳಿಸುತ್ತದೆ.

ಇವಕ್ಕೆಲ್ಲ ಚಿಕಿತ್ಸೆಯುಂಟೇ? ಉಂಟು. ನಮ್ಮ ಹುಡುಗನ ವಿಷಯಕ್ಕೇ ಬರೋಣ. ಮೊದಲು ರಕ್ತ ಕೊಟ್ಟು, ಕರುಳಿನ ಕಡೆ ಹರಿವು ತಗ್ಗಿಸುವ ಔಷಧ ಹಾಕಿ ಮಗುವನ್ನು ಸ್ಥಿರಗೊಳಿಸಿದರು. ಆಮೇಲೆ ಮಂಪರು ಕೊಟ್ಟು ಬಾಯಿಯ ಮೂಲಕ ಎಂಡೋಸ್ಕೋಪ್ ಎಂಬ ಬಳುಕುವ ಕೊಳವೆ ಇಳಿಸಿದರು. ಅದರ ತುದಿಯ ಬೆಳಕಿನಲ್ಲಿ ಉಬ್ಬಿದ ನಾಳ ಕಾಣುತ್ತದೆ. ಅದರ ಬುಡಕ್ಕೆ ಪುಟ್ಟ ರಬ್ಬರ್ ಉಂಗುರ ತೊಡಿಸಿ ಬಿಗಿಯುತ್ತಾರೆ. ಕೆಲವು ದಿನಗಳಲ್ಲಿ ಆ ಭಾಗ ಒಣಗಿ ಉದುರಿ ಗಾಯ ಮಾಯುತ್ತದೆ. ತೀರ ಚಿಕ್ಕ ಮಕ್ಕಳ ಗಂಟಲಲ್ಲಿ ಈ ಉಪಕರಣ ಇಳಿಯದಿದ್ದರೆ, ನಾಳ ಮುಚ್ಚಿಕೊಳ್ಳುವಂಥ ಔಷಧವನ್ನು ಸೂಜಿಯಿಂದ ಚುಚ್ಚುತ್ತಾರೆ. ಸೂಜಿಯ ಈ ವಿಧಾನವನ್ನು ಸ್ವೀಡನ್ನಿನ ವೈದ್ಯರು 1939ರಲ್ಲೇ ವರದಿ ಮಾಡಿದ್ದರು. ಮುಚ್ಚಿದ ನಾಳವನ್ನು ಪತ್ತೆ ಹಚ್ಚಲು ಹೊಟ್ಟೆಯ ಮೇಲೆ ಆಡಿಸುವ ಡಾಪ್ಲರ್ ಅಲ್ಟ್ರಾಸೌಂಡ್ ಸಾಕು, ಅದಕ್ಕೆ ಹೊಟ್ಟೆ ಕೊಯ್ಯಬೇಕಿಲ್ಲ.

ಆದರೆ ಇದು ಏರಿಯ ಬಿರುಕಿಗೆ ಮಣ್ಣು ಮೆತ್ತಿದಂತೆ. ತೂಬು ಇನ್ನೂ ಕಟ್ಟಿಕೊಂಡೇ ಇದೆ. ಹಾಗಾದರೆ ಕರುಳಿನ ರಕ್ತವನ್ನು ಬೇರೆ ಕಾಲುವೆಗೆ ತಿರುಗಿಸಿಬಿಟ್ಟರೆ? ಈ ಯೋಚನೆ ಹಳೆಯದು. 1877ರಲ್ಲಿ ರಷ್ಯದ ನಿಕೊಲಾಯ್ ಎಕ್ ನಾಯಿಗಳಲ್ಲಿ ಪೋರ್ಟಲ್ ಅಭಿಧಮನಿಯನ್ನು ಮಹಾ ಅಭಿಧಮನಿಗೆ ಹೊಲಿದು ಜೋಡಿಸಿದ. 1893ರಲ್ಲಿ ಪಾವ್ಲೊವ್ ಮತ್ತು ಅವನ ಸಂಗಡಿಗರು ಅಂಥ ನಾಯಿಗಳಿಗೆ ಮಾಂಸ ತಿನ್ನಿಸಿದಾಗ ಅವು ತತ್ತರಿಸಿ ಪ್ರಜ್ಞೆ ತಪ್ಪುವುದನ್ನು ದಾಖಲಿಸಿದರು. ನೀವು ಪಾಠದಲ್ಲಿ ಓದಿದ, ಗಂಟೆಯ ಸದ್ದು ಕೇಳಿ ಜೊಲ್ಲು ಸುರಿಸುವ ನಾಯಿಯ ಪಾವ್ಲೊವ್ ಇವನೇ. ಯಕೃತ್ತಿನ ತಪಾಸಣೆ ತಪ್ಪಿಸಿದರೆ ಏನಾಗುವುದೆಂದು ಆ ಪ್ರಯೋಗ ತೋರಿಸಿತು. ರಕ್ತ ತಿರುಗಿಸುವ ಶಸ್ತ್ರಚಿಕಿತ್ಸೆ ಇಂದಿಗೂ ಆಯ್ದ ಮಕ್ಕಳಿಗೆ ಉಪಯೋಗವಾಗುತ್ತಿದೆ. ಆದರೆ ಅಮೋನಿಯದ ಪ್ರಶ್ನೆಯನ್ನು ವೈದ್ಯರು ಮರೆಯುವಂತಿಲ್ಲ.

ಇದಕ್ಕೊಂದು ಸೊಗಸಾದ ಉತ್ತರ ಬಂದದ್ದು 1992ರಲ್ಲಿ, ಬೆಲ್ಜಿಯಂ ದೇಶದ ಬ್ರಸೆಲ್ಸ್‌ನಿಂದ. ಜಾನ್ ದ ವಿಲ್ ದ ಗೊಯೆ ಎಂಬ ಶಸ್ತ್ರವೈದ್ಯರು ಮಗುವಿನ ಕತ್ತಿನಿಂದಲೇ ಒಂದು ಅಭಿಧಮನಿಯ ತುಂಡನ್ನು ತೆಗೆದು, ಅದರ ಒಂದು ತುದಿಯನ್ನು ಕರುಳಿನ ಅಭಿಧಮನಿಗೂ ಇನ್ನೊಂದು ತುದಿಯನ್ನು ಯಕೃತ್ತಿನೊಳಗಿನ ಎಡಗವಲಿಗೂ ಜೋಡಿಸಿದರು. ಕಟ್ಟಿದ ತೂಬಿನ ಪಕ್ಕದಲ್ಲಿ ಹೊಸ ತೂಬು ಕೂರಿಸಿ, ನೀರನ್ನು ಅದೇ ಗದ್ದೆಗೆ ಬಿಟ್ಟಂತೆ. ಅವರು ಜೋಡಿಸಿದ ಸ್ಥಳ ಯಾವುದು ಗೊತ್ತೆ? ಗರ್ಭದಲ್ಲಿದ್ದಾಗ ಹೊಕ್ಕುಳ ಬಳ್ಳಿಯ ಅಭಿಧಮನಿ ಬಂದು ಸೇರುತ್ತಿದ್ದ ಅದೇ ತಾಣ! ಎಡಗವಲು ತೆರೆದಿರುವ ಮಕ್ಕಳಿಗೆ ಮಾತ್ರ ಇದು ಸಾಧ್ಯ, ನುರಿತ ಕೈಗಳೂ ಬೇಕು. ಅಬರ್ನೆತಿಯ ಬಗೆಯ ದೋಷದಲ್ಲಿ ಕೆಲಸ ತಿರುಗುಮುರುಗು. ಅಲ್ಲಿ ತಪ್ಪು ಕಾಲುವೆಯನ್ನು ಶಸ್ತ್ರಚಿಕಿತ್ಸೆಯಿಂದಲೋ, ರಕ್ತನಾಳದ ಮೂಲಕ ತೂರಿಸಿದ ಬಿರಡೆಯಿಂದಲೋ ಮುಚ್ಚಬೇಕು. ನೀಲಿ ಗುಳ್ಳೆಗಳ ಕಾಯಿಲೆಗೆ ಸಿರೊಲಿಮಸ್ ಎಂಬ ಔಷಧ ಈಗ ನೆರವಾಗುತ್ತಿದೆ.

ಸರಿ, ಇದರಲ್ಲಿ ನಿಮ್ಮ ಪಾಲೇನು? ಮೊದಲನೆಯದು, ಗಾಬರಿ ಬೇಡ. ಮಲದಲ್ಲಿ ಕೆಂಪು ಗೆರೆ ಕಂಡರೆ ಬಹುಪಾಲು ಅದು ಮಲಬದ್ಧತೆಯಿಂದ ಗುದದ್ವಾರ ಸೀಳಿದ್ದು. ಬೀಟ್‌ರೂಟ್ ತಿಂದರೆ ಕೆಂಪಾಗುವುದೂ, ಕಬ್ಬಿಣದ ಮಾತ್ರೆಯಿಂದ ಕಪ್ಪಾಗುವುದೂ ಉಂಟು. ಆದರೆ ತೀರ್ಪು ಕೊಡಬೇಕಾದವರು ವೈದ್ಯರು. ಎರಡನೆಯದು, ರಕ್ತ ವಾಂತಿಯಾದರೆ, ಅಥವಾ ಮಲ ಡಾಂಬರಿನಂತಿದ್ದರೆ, ನಾಳೆಗೆ ಕಾಯಬೇಡಿ. 108ಕ್ಕೆ ಕರೆ ಮಾಡಿ. ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ತಿನ್ನಲು ಕುಡಿಯಲು ಏನೂ ಕೊಡಬೇಡಿ. ಮೂರನೆಯದು, ಜ್ವರ ಬಂದ ಮಗುವಿಗೆ ಆಸ್ಪಿರಿನ್, ಐಬುಪ್ರೊಫೆನ್‌ನಂಥ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಕೊಡಬೇಡಿ. ಅವು ಜಠರದ ಒಳಪದರವನ್ನು ಕೆಣಕುತ್ತವೆ, ರಕ್ತ ಹೆಪ್ಪುಗಟ್ಟುವುದನ್ನೂ ತಡೆಯುತ್ತವೆ. ಉಬ್ಬಿದ ನಾಳವಿರುವ ಮಗುವಿಗೆ ಅಷ್ಟೇ ಸಾಕು. ನಾಲ್ಕನೆಯದು, ಗುಲ್ಮ ದೊಡ್ಡದಾಗಿರುವ ಗೆಳೆಯನಿದ್ದರೆ ಅವನನ್ನು ಕಬಡ್ಡಿಗೆ ಎಳೆಯಬೇಡಿ. ಹೊಟ್ಟೆಗೆ ಬಿದ್ದ ಏಟು ಅವನಿಗೆ ಅಪಾಯ.

ಕಾಲೇಜಿನವರಿಗೆ ಇನ್ನೊಂದು ಮಾತು. ನಿಮಗೆ 18 ತುಂಬಿದ್ದು, ತೂಕ 45 ಕಿಲೋಗೆ ಕಡಮೆಯಿಲ್ಲದೆ, ಆರೋಗ್ಯವಾಗಿದ್ದರೆ ನೀವು ರಕ್ತದಾನ ಮಾಡಬಹುದು. ಒಮ್ಮೆಗೆ ತೆಗೆಯುವುದು ಸಾಮಾನ್ಯವಾಗಿ 350 ಮಿಲಿಲೀಟರ್. ಮೇಲಿನ ಲೆಕ್ಕ ಜ್ಞಾಪಿಸಿಕೊಳ್ಳಿ. ಆ ಒಂದು ಚೀಲ, ಎಲ್ಲೋ ಒಂದು ವಾರ್ಡಿನಲ್ಲಿ, ಒಂದು ಮಗು ಕಳೆದುಕೊಂಡ ಅಷ್ಟೂ ರಕ್ತಕ್ಕೆ ಸಮ.

ಹುಡುಗ ಐದಾರು ಬಾರಿ ರಬ್ಬರ್ ಉಂಗುರ ಹಾಕಿಸಿಕೊಂಡು ಊರಿಗೆ ಮರಳಿದ. ಗೊತ್ತಾದ ದಿನಕ್ಕೆ ತಪಾಸಣೆಗೆ ಬರುತ್ತಿದ್ದ. ಆ ದಿನ ವಾರ್ಡಿನಿಂದ ಹೊರಡುವಾಗ ನಾನು ಅಕ್ಕನಿಗೆ, "ನೀನು ತಮ್ಮನ ಜೀವ ಉಳಿಸಿದೆಯಮ್ಮ" ಎಂದೆ. ಅವಳು ನಾಚಿಕೊಂಡು, "ನಾನೇನೂ ಮಾಡ್ಲಿಲ್ಲ ಸಾರ್. ನೋಡಿದ್ದನ್ನ ಅಮ್ಮಂಗೆ ಹೇಳ್ದೆ ಅಷ್ಟೆ" ಎಂದಳು.

ವಿದ್ಯಾರ್ಥಿ ಮಿತ್ರರೇ, ನಾನು ಕಪ್ಪೆಯ ಪೋರ್ಟಲ್ ಅಭಿಧಮನಿಯನ್ನು ನೋಡಿದೆ, ಚಿತ್ರ ಬರೆದೆ, ಅಂಕ ಪಡೆದೆ. ಆ ಹುಡುಗಿಗೆ ಅದರ ಹೆಸರೂ ಗೊತ್ತಿರಲಿಲ್ಲ. ಆದರೆ ಅವಳು ಬಣ್ಣ ಬದಲಾದದ್ದನ್ನು ಗಮನಿಸಿದಳು, ಟಾನಿಕ್ ಮುಗಿದ ದಿನವನ್ನು ಲೆಕ್ಕ ಹಾಕಿದಳು, ದೊಡ್ಡವರು ತಳ್ಳಿಹಾಕಿದರೂ ಇನ್ನೊಮ್ಮೆ ಹೇಳಿದಳು. ನಿಮ್ಮ ಮನೆಯಲ್ಲೂ ತಮ್ಮ ತಂಗಿಯರಿದ್ದಾರೆ. ನೋಡಿದ್ದನ್ನು ಹೇಳಲು ನಾಚಬೇಡಿ. ಅವರು ಹೇಳಿದರೆ ಬೈಯಬೇಡಿ.